ಕೆಂಪು ಇಟ್ಟಿಗೆಯ ಸ್ವಿಚ್ಚು

ಆ ಮನುಷ್ಯನ ದೇಹದಲ್ಲಿ ಅಲ್ಲಾಡುತ್ತಿದ್ದದ್ದು ಎಡಗೈಯ ತೋರುಬೆರಳು ಒಂದೇ. ಅದೂ ದಿನವಿಡೀ ಅಲ್ಲ. ಆಗೊಮ್ಮೆ ಈಗೊಮ್ಮೆ ಬೆರಳಿನ ತುದಿ ಅಕ್ಕಿಕಾಳಿನ ದಪ್ಪದಷ್ಟು ಕೆಳಗಿಳಿದು ಮತ್ತೆ ಮೇಲೇಳುತ್ತಿತ್ತು. ಡಾಕ್ಟರು ಅದನ್ನು ನರದ ಸೆಳೆತ ಎಂದಿದ್ದರು. ಹೆಂಡತಿ ಅಲ್ಲ ಎಂದಿದ್ದರು. ಎರಡರಲ್ಲಿ ಯಾವುದು ನಿಜ ಎಂದು ತಿಳಿಯಲು ನನ್ನನ್ನು ಕಳಿಸಿದರು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನಾಗ ಹಲಸೂರು ಕೆರೆಯ ಹಿಂಬದಿಯ ಒಂದು ತರಬೇತಿ ಕೇಂದ್ರದ ವರ್ಕ್‌ಶಾಪಿನಲ್ಲಿದ್ದೆ. ಕೈಕಾಲು ಸ್ವಾಧೀನವಿಲ್ಲದವರು ಕಂಪ್ಯೂಟರ್ ಬಳಸಲು ಬೇಕಾದ ಸ್ವಿಚ್ಚು, ಸನ್ನೆಕೋಲು, ಹಲಗೆಗಳನ್ನು ಅಗ್ಗದ ಸಾಮಾನಿನಿಂದ ಮಾಡಿಕೊಡುವುದು ಕೆಲಸ. ಬೆಸುಗೆ ಹಾಕುವುದನ್ನು ಅಲ್ಲೇ ಕಲಿತೆ. ಅದಕ್ಕೆ ಮುಂಚೆ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಸುದ್ದಿ ತಿದ್ದುತ್ತಿದ್ದೆ. ಅಲ್ಲಿಂದ ತಂದದ್ದು ಒಂದು ಅಭ್ಯಾಸ: ನೋಡಿದ್ದನ್ನು ಗಂಟೆ, ನಿಮಿಷದೊಂದಿಗೆ ಬರೆಯುವುದು, ಅನಿಸಿದ್ದನ್ನು ಬರೆಯದಿರುವುದು.

ರೋಗಿಯ ಕಡತದಲ್ಲಿ ಉದ್ಯೋಗ ಎಂಬ ಸಾಲಿನ ಮುಂದೆ ‘ಪ್ರೂಫ್ ರೀಡರ್, ಶಿವಾಜಿನಗರದ ಅಚ್ಚುಕೂಟ’ ಎಂದಿತ್ತು. ಓದಿದೆ, ಪುಟ ಮಗುಚಿದೆ. ಆ ಸಾಲಿಗೆ ಮತ್ತೆ ಮರಳಲು ನನಗೆ ಎರಡು ವಾರ ಹಿಡಿಯಿತು.

ಮನೆ ಮಹದೇವಪುರದ ಹಳೇ ಊರೊಳಗೆ. ಬಸ್ಸಿಳಿದು, ರಿಂಗ್ ರೋಡು ದಾಟಿ, ಹಸು ಕಟ್ಟಿದ ಓಣಿಯಲ್ಲಿ ನಡೆದು ಹೋಗಬೇಕು. ಓಣಿಯ ಹಿಂದೆ, ಒಂದು ಕಾಲಕ್ಕೆ ಇವರದೇ ರಾಗಿ ಹೊಲವಿದ್ದ ಕಡೆ, ಆಫೀಸು ಕಟ್ಟಡಗಳು ಏಳುತ್ತಿದ್ದವು. ಅಣ್ಣ ತಮ್ಮಂದಿರದು ಅಕ್ಕಪಕ್ಕದ ಮನೆ. ತಮ್ಮನೇ ರೋಗಿ. ಅಣ್ಣ ಉಳಿದ ಜಾಗದಲ್ಲಿ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಅವರು ವಿಷಯಕ್ಕೆ ಬಂದರು.

“ನೋಡಿ ಮೇಡಂ, ನಾನು ಕಟುಕ ಅಲ್ಲ. ಇವ್ನು ಹಾಸ್ಗೆ ಹಿಡ್ದು ಎಂಟು ತಿಂಗ್ಳಾಯ್ತು. ಎತ್ತಿ ಇಳಿಸಿ ಎತ್ತಿ ಇಳಿಸಿ ಈ ಹೆಣ್ಮಗಳ ಸೊಂಟ ಹೋಗೈತೆ. ಹೊಸಕೋಟೆ ಆಚೆ ಒಂದು ಆಶ್ರಮ ಐತೆ, ಇಂಥೋರ್ನ ನೋಡ್ಕೊಳ್ತಾರೆ. ಅಮಾಸೆ ಕಳೀಲಿ ಅಂತ ಸುಮ್ಕಿದೀನಿ. ಅವ್ನಿಗೆ ಗ್ಯಾನ ಐತೆ ಅಂತ ನೀವು ತೋರ್ಸಿ, ಇಲ್ಲೇ ಇರ್ತಾನೆ. ನಾನೇ ಎತ್ತಿ ಇಳಿಸ್ತೀನಿ. ಇಲ್ಲಾಂದ್ರೆ ಗೋಡೆ ಜೊತೆ ಮಾತಾಡಿ ಏನ್ ಪ್ರಯೋಜ್ನ?”

“ಗೋಡೆ ಅನ್ಬೇಡಿ ಭಾವ, ಕೇಳಿಸ್ಕೊಳ್ತಾ ಇರ್ತಾರೆ” ಎಂದರು ಹೆಂಡತಿ.

“ಕೇಳಿಸ್ಕೊಂಡ್ರೆ ಎದ್ದು ನನ್ ಕೆನ್ನೆಗೆ ಹೊಡೀಲಿ. ಸಂತೋಷ ಪಡ್ತೀನಿ.”

ಅಮಾವಾಸ್ಯೆಗೆ ಹತ್ತೊಂಬತ್ತು ದಿನ ಇತ್ತು.

ರೋಗಿ ಮಲಗಿದ್ದದ್ದು ಮನೆಯ ಹಿಂಭಾಗದ ಕೋಣೆಯಲ್ಲಿ. ಉತ್ತರಕ್ಕೆ ಒಂದೇ ಕಿಟಕಿ. ಗೋಡೆಯ ಮೇಲೆ ತೀರಿಹೋದ ತಾಯಿಯ ಫೋಟೋ. ರೋಗಿಯ ಕಣ್ಣು ತೆರೆದಿತ್ತು, ಆದರೆ ಯಾವುದರ ಮೇಲೂ ನಿಲ್ಲುತ್ತಿರಲಿಲ್ಲ. ನಾನು ಹೆಸರು ಹೇಳಿ ಪರಿಚಯ ಮಾಡಿಕೊಂಡೆ. ಏನೂ ಆಗಲಿಲ್ಲ. ಬೆರಳಿನ ಉದ್ದ, ಮಣಿಕಟ್ಟಿನ ಎತ್ತರ ಅಳೆದುಕೊಂಡು ಬಂದೆ.

ಸಾಮಾನಿಗೆ ಶಿವಾಜಿನಗರದ ಗುಜರಿ ಸಾಲಿಗೆ ಹೋದೆ. ಅಲ್ಲಿ ಹಳೇ ಕಂಪ್ಯೂಟರು ಬಿಚ್ಚುವ ಒಬ್ಬ ಭಾಯ್ ನನಗೆ ಖಾಯಂ.

“ಆಯಿಯೇ ಮೇಡಂ. ಸತ್ತಿರೋ ಮೌಸ್ ತಾನೆ? ಇವತ್ತು ಒಂದು ಗೋಣಿ ಹೆಣ ಬಂದಿದೆ.”

“ಹೊಟ್ಟೇಲಿ ಗುಂಡು ಇರೋದು ಕೊಡಿ. ಕೆಳಗೆ ಕೆಂಪು ಲೈಟ್ ಬರೋದು ಬೇಡ.”

“ಎಲ್ರೂ ಹೊಸದು ಕೇಳ್ತಾರೆ, ನೀವು ಸತ್ತಿರೋದು ಕೇಳ್ತೀರ. ನಿಮ್ದು ಯಾವ ಡಿಪಾರ್ಟ್‌ಮೆಂಟೋ ಅಲ್ಲಾನಿಗೇ ಗೊತ್ತು.”

ಇಂದಿರಾನಗರದ ಯಾವುದೋ ಮನೆ ಖಾಲಿ ಮಾಡಿದಾಗ ಅವರಿಗೆ ಬಂದಿದ್ದ ಬಿಸ್ಕತ್ತು ಡಬ್ಬಿಯೊಂದನ್ನೂ ಕೊಟ್ಟರು. ಅದರ ತುಂಬ ಮಕ್ಕಳು ಒಂದಕ್ಕೊಂದು ಒತ್ತಿ ಜೋಡಿಸುವ ಪ್ಲಾಸ್ಟಿಕ್ ಇಟ್ಟಿಗೆ. ಹೆಚ್ಚಿನವು ಕೆಂಪು. ಕೆಲವುದರ ಅಂಚಿನಲ್ಲಿ ಯಾವುದೋ ಮಗುವಿನ ಹಲ್ಲಿನ ಗುರುತು.

ಆಟಿಕೆ ಇಟ್ಟಿಗೆ ನಮಗೆ ಯಾಕೆ ಬೇಕಿತ್ತು ಎಂದರೆ, ರೋಗಿಯ ಕೈ ಒಂದೇ ಕಡೆ ಇರುವುದಿಲ್ಲ. ಬಾವು ಬಂದರೆ ಬೆರಳು ಏರುತ್ತದೆ, ಇಳಿದರೆ ಇಳಿಯುತ್ತದೆ. ಮರದಲ್ಲಿ ಮಾಡಿಸಿದರೆ ಪ್ರತಿಸಲ ಬಡಗಿ ಬೇಕು. ಇಟ್ಟಿಗೆಯಾದರೆ ಮಂಚದ ಪಕ್ಕದಲ್ಲೇ ಒಂದನ್ನು ಕಿತ್ತು ಒಂದನ್ನು ಕೂರಿಸಬಹುದು.

ಮೌಸಿನ ಗುಂಡಿಯ ‘ಕ್ಲಿಕ್’ ಈ ಬೆರಳಿಗೆ ಭಾರ. ಹಾಗಾಗಿ ಗುಂಡಿಯನ್ನು ಬಿಟ್ಟು, ಮೌಸಿನ ಒಳಗಿನ ಬೆಳಕಿನ ಜೋಡಿಯನ್ನು ತೆಗೆದುಕೊಂಡೆ. ಒಂದು ಕಡೆ ಕಣ್ಣಿಗೆ ಕಾಣದ ಬೆಳಕು ಬಿಡುವ ಸಣ್ಣ ದೀಪ. ಎದುರಿಗೆ ಆ ಬೆಳಕನ್ನು ಹಿಡಿಯುವ ಕಣ್ಣು. ನಡುವೆ ಒಂದು ತಗಡಿನ ಚೂರು ನಿಲ್ಲಿಸಿದರೆ ಬೆಳಕು ತಡೆಯುತ್ತದೆ. ಆ ಚೂರನ್ನು ಒಂದು ಪುಟ್ಟ ಏತದ ತುದಿಗೆ ಕಟ್ಟಿದೆ. ಏತದ ಇನ್ನೊಂದು ತುದಿಯ ಮೇಲೆ ಬೆರಳು. ಬೆರಳು ಕೂದಲೆಳೆಯಷ್ಟು ಒತ್ತಿದರೂ ಚೂರು ಮೇಲೆದ್ದು ಬೆಳಕು ಹಾಯುತ್ತದೆ. ಬೆಳಕು ಹಾಯ್ದರೆ ಕಂಪ್ಯೂಟರಿಗೆ ಅದು ಒಂದು ಒತ್ತು.

ಮೊದಲನೆಯದಕ್ಕೆ ಬಾಲ್‌ಪೆನ್ನಿನ ಸ್ಪ್ರಿಂಗ್ ಹಾಕಿದ್ದೆ, ಅದು ಗಡಸಾಯಿತು. ಎರಡನೆಯದರಲ್ಲಿ ಸ್ಪ್ರಿಂಗ್ ತೆಗೆದೆ, ಬೆರಳಿನ ಭಾರಕ್ಕೇ ಏತ ಕೆಳಗೆ ಕೂತಿತು. ಮೂರನೆಯದರಲ್ಲಿ ಆ ಭಾರವನ್ನು ತೂಗಲು ಮೌಸಿನ ಹೊಟ್ಟೆಯ ಗುಂಡನ್ನೇ ಎದುರು ತುದಿಗೆ ಕಟ್ಟಿದೆ. ಏತ ಸಮನಾಗಿ ನಿಂತಿತು. ಎಲ್ಲವನ್ನೂ ಕೆಂಪು ಇಟ್ಟಿಗೆಯ ಪೆಟ್ಟಿಗೆಯೊಳಗೆ ಮುಚ್ಚಿದೆ. ಐದನೆಯ ದಿನ ಕೇಂದ್ರದ ಒಂದು ಹಳೇ ಕಂಪ್ಯೂಟರಿನ ಜೊತೆ ಆಟೋದಲ್ಲಿ ಮಹದೇವಪುರಕ್ಕೆ ಒಯ್ದೆ.

ಪರದೆಯ ಮೇಲೆ ಹದಿನಾರು ಮನೆ, ಮನೆಗೊಂದು ಪದ: ನೀರು, ನೋವು, ಸಾಕು, ಹೌದು, ಬಾ. ಒಂದು ಬೆಳಕಿನ ಚೌಕ ಸಾಲಿನಿಂದ ಸಾಲಿಗೆ ಇಳಿಯುತ್ತದೆ. ಮೊದಲ ಒತ್ತಿಗೆ ಸಾಲು, ಎರಡನೆಯ ಒತ್ತಿಗೆ ಆ ಸಾಲಿನ ಒಂದು ಪದ. ಆಗ ಸ್ಪೀಕರು ಆ ಪದವನ್ನು ಹೇಳುತ್ತದೆ. ಹದಿನೈದು ಪದಗಳನ್ನು ಹೆಂಡತಿಯ ದನಿಯಲ್ಲಿ ರೆಕಾರ್ಡ್ ಮಾಡಿದೆವು. ಹದಿನಾರನೆಯದು ರೋಗಿಯದೇ ದನಿ. ಯಾವುದೋ ಹಬ್ಬದ ದಿನ ಟೇಪ್‌ರೆಕಾರ್ಡರ್ ಪರೀಕ್ಷಿಸಲು ಹಿಡಿದ ಒಂದು ಕ್ಯಾಸೆಟ್ಟು ಮನೆಯಲ್ಲಿತ್ತು. ಅದರಲ್ಲಿ ಗಲಾಟೆಯ ನಡುವೆ ಅವರು ಬಾಗಿಲಲ್ಲಿ ನಿಂತು ಯಾರಿಗೋ “ಬಾ” ಎನ್ನುತ್ತಾರೆ. ಸ್ಪಷ್ಟವಾಗಿ ಸಿಕ್ಕಿದ್ದು ಅದೊಂದೇ ಪದ.

“ಅದನ್ನ ಹಾಕಿ ಮೇಡಂ, ಒಂದಾದ್ರೂ ಅವರದಿರಲಿ” ಎಂದರು ಹೆಂಡತಿ. ಹಾಕಿದೆ. ಒಪ್ಪಿದವಳು ನಾನು ಎಂಬುದನ್ನು ಇಲ್ಲಿ ದಾಖಲಿಸಬೇಕು.

ಅವರಿಗೊಂದು ನೋಟ್‌ಬುಕ್ ಕೊಟ್ಟೆ. “ಯಾವಾಗ ಏನು ಕೇಳಿಸ್ತು, ಕೋಣೇಲಿ ಯಾರಿದ್ರು, ಇಷ್ಟೇ ಬರೀರಿ. ನಿಮಗೆ ಏನನ್ನಿಸ್ತು ಅನ್ನೋದು ಬೇಡ.” ಅವರು ತಲೆಯಾಡಿಸಿದರು. ಆ ನಿಯಮವನ್ನು ಅವರು ಒಂದು ಸಲವೂ ಮುರಿಯಲಿಲ್ಲ.

ಮೂರು ದಿನ ಯಂತ್ರ ಸುಮ್ಮನಿತ್ತು. ‘ಕೇಳಿಸುತ್ತಿದ್ದರೆ ಒತ್ತಿ’ ಎಂದು ಕೇಂದ್ರದ ಥೆರಪಿ ಮೇಡಂ ಕಿವಿಯ ಹತ್ತಿರ ಬಾಗಿ ಹೇಳಿದರೂ ಬೆರಳು ಏಳಲಿಲ್ಲ. ನಾಲ್ಕನೆಯ ದಿನ ಸಂಜೆ ಹೆಂಡತಿ ವರ್ಕ್‌ಶಾಪಿಗೆ ಫೋನ್ ಮಾಡಿದರು.

“ಮೇಡಂ, ಮಾತಾಡಿದ್ರು. ಬಾ ಅಂದ್ರು. ಆರು ಸಲ.”

“ಆಗ ಅವರು ಏನ್ ಮಾಡ್ತಿದ್ರು?”

“ನಿದ್ದೆ ಮಾಡ್ತಿದ್ರು ಮೇಡಂ.”

ಮರುದಿನ ಮತ್ತೆ ಅದೇ. ಮಧ್ಯಾಹ್ನ ಮೂರು ಐವತ್ತೆರಡಕ್ಕೆ ಶುರುವಾಗಿ ನಾಲ್ಕು ಹೊಡೆಯುವ ಮೊದಲು ನಿಂತಿತು. ನೋಟ್‌ಬುಕ್ಕಿನಲ್ಲಿ ಹೀಗಿತ್ತು: ‘ಬಾ, ಏಳು ಸಲ. ಮಲಗಿದ್ದರು. ಗೊರಕೆ ಇತ್ತು. ನಾನು ಅಡಿಗೆಮನೆಯಿಂದ ಓಡಿ ಬಂದೆ.’ ‘ಬಾ’ ಶುರುವಾದ ಮೂರನೆಯ ದಿನ ಅಣ್ಣನೂ ಕೇಳಿದರು. ನಾನು ತಲುಪುವಷ್ಟರಲ್ಲಿ ಕೋಣೆಯ ಹೊಸ್ತಿಲಲ್ಲಿ ಊದುಕಡ್ಡಿ ಉರಿಯುತ್ತಿತ್ತು. ಒಡೆದ ತೆಂಗಿನಕಾಯಿ ಇತ್ತು. ಅಣ್ಣ ಒಳಗೆ ಕಾಲಿಡದೆ ಹೊರಗೇ ನಿಂತಿದ್ದರು.

“ಮೇಡಂ, ಅದು ಅವ್ನಲ್ಲ. ಅವ್ನ ಬಾಯಿ ಮುಚ್ಚೇ ಇತ್ತು, ನಾನೇ ನೋಡ್ದೆ. ಅವ್ವ ಸತ್ತಿದ್ದು ಇದೇ ಕೋಣೇಲಿ, ಇದೇ ಹೊತ್ನಲ್ಲಿ. ಅವ್ನ ಗಂಟ್ಲಲ್ಲಿ ಅವ್ವ ಕರೀತಾವ್ಳೆ.”

“ಯಾರನ್ನ?”

“ಇನ್ಯಾರ್ನ? ಅವ್ನನ್ನೇ. ಹೋಗೋನ್ನ ಹಿಡ್ಕೊಂಡು ಕೂತ್ಕೊಂಡ್ರೆ ಪಾಪ. ಅಮಾಸೆ ಮಾರ್ನೇ ದಿನ ಗಾಡಿಗೆ ಹೇಳ್ಬಿಟ್ಟಿದೀನಿ.”

ಅಲ್ಲಿಯವರೆಗೆ ಅಣ್ಣನ ಮಾತಿನಲ್ಲಿ ಒಂದು ‘ಇಲ್ಲಾಂದ್ರೆ’ ಇತ್ತು. ನನ್ನ ಯಂತ್ರ ಅದನ್ನು ಅಳಿಸಿಹಾಕಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ವೈರು, ಬೆಸುಗೆ, ಪ್ರೋಗ್ರಾಂ ಎಲ್ಲವನ್ನೂ ಮನಸ್ಸಿನಲ್ಲಿ ಒಂದೊಂದಾಗಿ ಪರೀಕ್ಷಿಸಿದೆ. ಯಾವ ದೋಷವೂ ದಿನಾ ಒಂದೇ ನಿಮಿಷಕ್ಕೆ ಬಂದು ಒಂದೇ ನಿಮಿಷಕ್ಕೆ ಹೋಗುವುದಿಲ್ಲ.

ನಾಲ್ಕನೆಯ ದಿನ ನನಗೆ ಹೋಗಲಾಗಲಿಲ್ಲ. ಐದನೆಯ ದಿನ ಎರಡು ಗಂಟೆಗೇ ಹೋಗಿ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಹಿಂದಿನ ದಿನದ ಸಾಲು ಓದಿದೆ: ‘3-55. ಬಾ, ಒಂದು ಸಲ. ಕೋಣೆಯಲ್ಲಿ ಯಾರೂ ಇಲ್ಲ.’ ರೋಗಿ ಮಲಗಿದ್ದರು. ಬಾಯಿ ಅರೆ ತೆರೆದಿತ್ತು. ಬೆರಳು ಏತದ ಮೇಲೆ ಸುಮ್ಮನೆ ಇತ್ತು. ಹೆಂಡತಿಯನ್ನು ಹೊರಗೆ ಕೂರಲು ಹೇಳಿದ್ದೆ.

ಮೂರು ನಲವತ್ತೊಂಬತ್ತಕ್ಕೆ ಗೋಡೆಯ ಮೇಲಿನ ತಾಯಿಯ ಫೋಟೋ ಬೆಳಗಿತು.

ಬೇರೆ ಏನೂ ಬೆಳಗಲಿಲ್ಲ. ಕೋಣೆ ಮೊದಲಿನಷ್ಟೇ ಮಬ್ಬಾಗಿತ್ತು. ಫೋಟೋದ ಮುಖ ಮಾತ್ರ ಎದ್ದು ಬಂದಂತೆ ಕಂಡಿತು. ಆ ಬೆಳಕಿನ ತುಂಡು ನಿಧಾನವಾಗಿ ಫೋಟೋ ಬಿಟ್ಟು ಗೋಡೆಯ ಮೇಲೆ ಇಳಿಯಿತು. ಹೊದಿಕೆಯ ಮೇಲೆ ಬಂತು. ಕೈಯ ಮೇಲೆ ಬಂತು. ಕೆಂಪು ಪೆಟ್ಟಿಗೆಯ ಮೇಲೆ ನಿಂತಿತು.

“ಬಾ” ಎಂದಿತು ಸ್ಪೀಕರು.

ಎದ್ದು ಆ ಬೆಳಕಿಗೆ ಅಂಗೈ ಅಡ್ಡ ಹಿಡಿದೆ. ದನಿ ನಿಂತಿತು. ಒಂದು ನಿಮಿಷ ಹಾಗೇ ಹಿಡಿದಿದ್ದು ತೆಗೆದೆ. “ಬಾ.” ರೋಗಿಯ ಉಸಿರು ಬದಲಾಗಲಿಲ್ಲ.

“ಈ ಕೋಣೆಗೆ ಬಿಸಿಲು ಬರುತ್ತಾ?” ಎಂದು ಬಾಗಿಲ ಕಡೆ ಕೂಗಿ ಕೇಳಿದೆ.

“ನಾನು ಮದ್ವೆಯಾಗಿ ಬಂದಾಗಿಂದ ಬಿದ್ದಿಲ್ಲ ಮೇಡಂ. ಅದಕ್ಕೇ ಬೇಸಿಗೇಲಿ ಅತ್ತೇನ ಇಲ್ಲಿ ಮಲಗಿಸ್ತಿದ್ವಿ.”

ಕಿಟಕಿಯಿಂದ ಹೊರಗೆ ನೋಡಿದೆ. ಓಣಿಯ ಹಿಂದಿನ ಹೊಸ ಆಫೀಸು ಕಟ್ಟಡಕ್ಕೆ ಆ ತಿಂಗಳವರೆಗೂ ಹಸಿರು ಬಲೆ ಹೊದಿಸಿದ್ದರು. ಬಲೆ ಕಳಚಿತ್ತು. ಒಳಗಿದ್ದದ್ದು ಆರು ಅಂತಸ್ತಿನ ಕನ್ನಡಿ. ಪಶ್ಚಿಮದ ಸೂರ್ಯ ಆ ಗಾಜಿನ ಮೇಲೆ ಬಿದ್ದು, ಯಾವತ್ತೂ ಬಿಸಿಲು ಕಾಣದ ಈ ಕಿಟಕಿಗೆ ದಿನಕ್ಕೆ ಹತ್ತು ನಿಮಿಷ ವಾಪಸು ಬರುತ್ತಿದ್ದ.

ಮುಚ್ಚಿದ ಪೆಟ್ಟಿಗೆಯೊಳಗೆ ಬೆಳಕು ಹೋದದ್ದು ಹೇಗೆ ಎಂಬುದು ಉಳಿಯಿತು. ನಾನು ಒಂದು ಕೆಂಪು ಇಟ್ಟಿಗೆ ಹಿಡಿದು ಅಣ್ಣನ ಮನೆಗೆ ಹೋದೆ. ಅದಕ್ಕೂ ಮೊದಲು ಥೆರಪಿ ಮೇಡಂಗೆ ಫೋನ್ ಮಾಡಿದೆ.

“ಇವಾಗ್ಲೇ ಹೇಳ್ಲೇಬೇಕಾ? ಆ ಹೆಂಗಸಿಗೆ ಇರೋ ಒಂದೇ ಧೈರ್ಯ ಅದು. ಒಂದೆರಡು ದಿನ ನೋಡಿ ಹೇಳೋಣ” ಎಂದರು ಅವರು.

ತಪ್ಪು ಸುದ್ದಿ ಅಚ್ಚಾದರೆ ಮರುದಿನವೇ ತಿದ್ದುಪಡಿ ಹಾಕಬೇಕು. ಒಂದೆರಡು ದಿನ ಬಿಟ್ಟರೆ ಅದು ಸುದ್ದಿಯಾಗಿ ಉಳಿದುಬಿಡುತ್ತದೆ. ಹೇಳುವುದೆಂದು ನಿರ್ಧರಿಸಿದೆ.

ಅಣ್ಣನ ಟಿವಿ ಹಾಕಿಸಿ, ರಿಮೋಟಿನ ಮೂತಿಗೆ ಇಟ್ಟಿಗೆ ಅಡ್ಡ ಇಟ್ಟು ಒತ್ತಿದೆ. ಚಾನೆಲ್ ಬದಲಾಯಿತು.

“ಇದೇನ್ ಮಾಟ?”

“ಮಾಟ ಅಲ್ಲ. ರಿಮೋಟಿನ ಬೆಳಕು ನಮ್ಮ ಕಣ್ಣಿಗೆ ಕಾಣಲ್ಲ. ಬಿಸಿಲಲ್ಲೂ ಆ ಬೆಳಕಿದೆ. ಈ ಪ್ಲಾಸ್ಟಿಕ್ಕು ನಮಗೆ ಗೋಡೆ, ಅದಕ್ಕೆ ಗಾಜು. ಬಿಸಿಲು ಒಳಗೆ ಹೋಗಿ ಸ್ವಿಚ್ಚು ಒತ್ತಿದೆ. ಒತ್ತೇ ಇದ್ರೆ ನನ್ನ ಪ್ರೋಗ್ರಾಂ ಮತ್ತೆ ಮತ್ತೆ ಒಂದೇ ಮನೆಗೆ ಹೋಗಿ ಬೀಳುತ್ತೆ. ಆ ಮನೇಲಿ ‘ಬಾ’ ಇತ್ತು. ತಪ್ಪು ನಂದು.”

ಅಣ್ಣ ಇಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ತಾವೇ ಒಂದು ಸಲ ಒತ್ತಿ ಪರೀಕ್ಷಿಸಿದರು. ಅವರ ಮುಖದಲ್ಲಿ ಭಯ ಹೋಯಿತು, ಆದರೆ ಬಂದದ್ದು ಸಮಾಧಾನವಲ್ಲ.

“ಅಂದ್ರೆ ಅವ್ವನೂ ಇಲ್ಲ. ಅವ್ನೂ ಇಲ್ಲ.”

ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ರೋಗಿಯ ಹೆಂಡತಿ ತಿರುಗಿ ತಮ್ಮ ಮನೆಗೆ ಹೋದರು.

ಆ ಸಂಜೆ ಪೆಟ್ಟಿಗೆಯ ಒಳಗೋಡೆಗೆ ಟೀ ಪೊಟ್ಟಣದ ಬೆಳ್ಳಿ ಕಾಗದ ಅಂಟಿಸಿದೆ. ಮೇಲೆ ಕಪ್ಪು ಟೇಪು ಸುತ್ತಿದೆ. ಮರುದಿನ ಬೆಳಕಿನ ತುಂಡು ಬಂತು, ಫೋಟೋ ಬೆಳಗಿತು, ಪೆಟ್ಟಿಗೆಯ ಮೇಲೆ ನಿಂತು ಹೋಯಿತು. ಯಂತ್ರ ಸುಮ್ಮನಿತ್ತು. ನನ್ನ ವರದಿಯಲ್ಲಿ ಬರೆದೆ: ‘ಮಧ್ಯಾಹ್ನ ಬಂದ ಬಾ ಎಲ್ಲವೂ ಬಿಸಿಲಿನವು.’ ಕೆಳಗೆ ಸಹಿ ಮಾಡಿದೆ. ಆ ದನಿ ಬರುತ್ತಿದ್ದಾಗ ಕೋಣೆ ಹೆದರಿಸುತ್ತಿತ್ತು. ಬಾರದಿದ್ದಾಗ ಅದಕ್ಕಿಂತ ಹೆಚ್ಚು ಹೆದರಿಸಿತು.

ಅಮಾವಾಸ್ಯೆಗೆ ಆರು ದಿನವಿತ್ತು.

ಪ್ರೋಗ್ರಾಂ ಪ್ರತಿ ಒತ್ತಿನ ಸಮಯವನ್ನೂ ಒಂದು ಫೈಲಿಗೆ ಬರೆಯುತ್ತಿತ್ತು. ಬೆಳ್ಳಿ ಕಾಗದ ಕೆಲಸ ಮಾಡಿದೆ ಎಂದು ಖಚಿತಪಡಿಸಲು ನಾನದನ್ನು ಫ್ಲಾಪಿಗೆ ಹಾಕಿಕೊಂಡು ಬಂದು ವರ್ಕ್‌ಶಾಪಿನಲ್ಲಿ ತೆರೆದೆ. ಕಾಗದ ಅಂಟಿಸಿದ ಮೇಲಿನ ಮಧ್ಯಾಹ್ನಗಳು ಖಾಲಿ. ಮುಚ್ಚುವಾಗ ಕಣ್ಣಿಗೆ ಬಿದ್ದದ್ದು ಬೆಳಿಗ್ಗೆಗಳು. ದಿನಾ ಏಳೂ ಹತ್ತರಿಂದ ಏಳೂವರೆಯೊಳಗೆ ಒತ್ತುಗಳಿದ್ದವು. ಒಂದು ದಿನ ಎರಡು, ಒಂದು ದಿನ ಒಂಬತ್ತು. ಎಲ್ಲವೂ ಅರೆ ಸೆಕೆಂಡಿಗಿಂತ ಚಿಕ್ಕವು. ಮೊದಲ ಒತ್ತಿಗೆ ಸಾಲು ಬೆಳಗಿ, ಎರಡನೆಯದು ಬಾರದೆ ಆರಿಹೋಗಿದ್ದರಿಂದ ಯಾವ ಪದವೂ ಹೊರಟಿರಲಿಲ್ಲ. ರೋಗಿಗೆ ಕಿರಿಕಿರಿಯಾದೀತೆಂದು ಒತ್ತಿಗೆ ಸದ್ದನ್ನೂ ಇಟ್ಟಿರಲಿಲ್ಲ. ಆ ಹೊತ್ತಿಗೆ ಕೋಣೆಗೆ ಯಾವ ದಿಕ್ಕಿನಿಂದಲೂ ಬಿಸಿಲಿಲ್ಲ. ಬೆಳ್ಳಿ ಕಾಗದ ಅಂಟಿಸಿದ ಮೇಲೂ ಅವು ಮುಂದುವರಿದಿದ್ದವು.

ಫೋನಿನಲ್ಲಿ ಕೇಳಿದೆ: “ಬೆಳಿಗ್ಗೆ ಏಳೂಕಾಲಿಗೆ ಅಲ್ಲಿ ಏನಾಗುತ್ತೆ?”

“ಏನೂ ಇಲ್ಲ ಮೇಡಂ. ಮೈ ಒರೆಸಿ ಆದ್ಮೇಲೆ ಪೇಪರ್ ಓದಿ ಹೇಳ್ತೀನಿ, ಅಷ್ಟೇ.”

ಮರುದಿನ ಮೊದಲ ಬಸ್ಸಿಗೆ ಹೊರಟು, ಕೆ.ಆರ್. ಪುರದ ನಿಲ್ದಾಣದಲ್ಲಿ ಅದೇ ಪತ್ರಿಕೆಯ ಇನ್ನೊಂದು ಪ್ರತಿ ಕೊಂಡುಕೊಂಡು ಹೋದೆ. ಒತ್ತು ಬಿದ್ದಾಗ ‘ಟಿಕ್’ ಎನ್ನುವಂತೆ ಪ್ರೋಗ್ರಾಂ ಬದಲಿಸಿದೆ. ಮಂಚದ ಅಡಿಯಲ್ಲಿ ಹಳೇ ಪತ್ರಿಕೆಗಳ ಅಟ್ಟಿ. ಹೆಂಡತಿ ಕಾಲು ಮಡಿಚಿ ಕೂತು ಓದತೊಡಗಿದರು. ಏಳನೇ ಕ್ಲಾಸಿನವರೆಗೆ ಓದಿದವರು, ಸಾಲು ಹಾರುತ್ತಿತ್ತು.

“ತಿಪಟೂರಿನ ಬಳಿ ಕೆರೆಗೆ ಬಿದ್ದ ಎಮ್ಮೆಯನ್ನು ಗ್ರಾಮಸ್ಥರು... ಸಚಿವರು ಶಾಲು ಹೊದಿಸಿ ಸನ್ಮಾನಿಸಿದರು.”

ಟಿಕ್.

“ಅಯ್ಯೋ, ಪಕ್ಕದ ಸುದ್ದಿಗೆ ಹೋಗ್ಬಿಟ್ಟೆ” ಎಂದು ನಕ್ಕರು. “ಎಮ್ಮೆಗೆ ಶಾಲು ಹೊದಿಸ್ಬಿಟ್ಟೆ ನೋಡಿ.”

ನಾನು ನಗಲಿಲ್ಲ. ಸಮಯ ಬರೆದುಕೊಂಡು ಓದಲು ಹೇಳಿದೆ. ‘ಬಂದರು’ ಇರುವಲ್ಲಿ ‘ಬಂದಳು’ ಎಂದರು. ಟಿಕ್. ಒಂದು ಇಡೀ ಅಂಕಣ ಸರಿಯಾಗಿ ಓದಿದರು. ಏನೂ ಇಲ್ಲ. ಆಮೇ‌ಲೆ ಒಂದು ಅಪಘಾತದ ಸುದ್ದಿ. ನನ್ನ ಪ್ರತಿಯಲ್ಲಿ ಬೆರಳಿಟ್ಟು ಜೊತೆಗೇ ಓದುತ್ತಿದ್ದೆ. ಒಂದಕ್ಷರವೂ ತಪ್ಪಲಿಲ್ಲ. ಆದರೂ ಟಿಕ್.

ಸೆಳೆತವೇ ಇರಬೇಕು ಎಂದುಕೊಂಡೆ. ಮತ್ತೊಮ್ಮೆ ಓದಿಸಿದೆ. ಅದೇ ಜಾಗದಲ್ಲಿ ಟಿಕ್. ಆಗ ಸುದ್ದಿಯನ್ನು ಮೇಲಿನಿಂದ ನೋಡಿದೆ. ಶೀರ್ಷಿಕೆಯಲ್ಲಿ ‘ಮೂವರ ಸಾವು’ ಎಂದಿತ್ತು. ಒಳಗೆ ಸತ್ತವರ ನಾಲ್ಕು ಹೆಸರುಗಳಿದ್ದವು.

ತಪ್ಪು ಪತ್ರಿಕೆಯದು. ಇಷ್ಟು ವರ್ಷ ಸುದ್ದಿ ತಿದ್ದಿದ ನನ್ನ ಕಣ್ಣು ಅದನ್ನು ಎರಡು ಸಲ ದಾಟಿ ಹೋಗಿತ್ತು. ಕಣ್ಣು ಯಾವುದರ ಮೇಲೂ ನಿಲ್ಲದ, ಗೋಡೆ ಎನಿಸಿಕೊಂಡ ಆ ಮನುಷ್ಯ ಅದನ್ನು ಕೇಳಿ ಹಿಡಿದಿದ್ದರು. ಬೆಳಗಿನ ಬೆಳಕಿನಲ್ಲಿ, ಅಡಿಗೆಮನೆಯ ಕುಕ್ಕರು ಕೂಗುತ್ತಿರುವಾಗ, ಆ ಕೋಣೆಯಲ್ಲಿ ನಮ್ಮಿಬ್ಬರ ಜೊತೆ ಇನ್ನೊಬ್ಬರು ಇಷ್ಟು ದಿನವೂ ಕೂತಿದ್ದರು ಎಂಬುದು ನನ್ನ ಬೆನ್ನಿಗೆ ಮೊದಲು ಗೊತ್ತಾಯಿತು.

ಕಡತದ ಆ ಸಾಲು ಆಗ ನೆನಪಾಯಿತು. ಹಳೇ ಅಚ್ಚುಕೂಟಗಳಲ್ಲಿ ಕರಡು ತಿದ್ದುವುದು ಇಬ್ಬರ ಕೆಲಸ. ಒಬ್ಬ ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾನೆ. ಇನ್ನೊಬ್ಬ ಎಡಗೈ ತೋರುಬೆರಳನ್ನು ಕರಡಿನ ಸಾಲಿನ ಮೇಲೆ ಇಟ್ಟು ಕೇಳುತ್ತಾನೆ. ಅಚ್ಚುಯಂತ್ರದ ಸದ್ದಿನಲ್ಲಿ ‘ನಿಲ್ಲು’ ಎಂದರೆ ಕೇಳುವುದಿಲ್ಲ. ಹಾಗಾಗಿ ತಪ್ಪು ಸಿಕ್ಕಿದಾಗ ಆ ಬೆರಳಿನಿಂದ ಮೇಜನ್ನು ಒಮ್ಮೆ ಬಡಿಯುತ್ತಾನೆ. ಹಲಗೆಯ ಅದುರು ಓದುವವನ ಕೈಗೆ ತಿಳಿಯುತ್ತದೆ. ಸರಿಯಿದ್ದರೆ ಬಡಿಯುವುದಿಲ್ಲ. ನಾವು ಇಷ್ಟು ದಿನ ಅವರನ್ನು ‘ಹೌದಾದರೆ ಒತ್ತಿ’ ಎಂದು ಕೇಳುತ್ತಿದ್ದೆವು. ಅವರ ಬೆರಳಿಗೆ ಗೊತ್ತಿದ್ದದ್ದು ‘ಅಲ್ಲ’ ಮಾತ್ರ.

“ಬೇಕು ಅಂತ ಎತ್ತೋಕೆ ಹೋದ್ರೆ ಏಳದ ಬೆರಳು ಅಭ್ಯಾಸಕ್ಕೆ ಏಳ್ಬಹುದು. ಹಾಗೆ ಆಗೋದನ್ನ ನೋಡಿದೀನಿ” ಎಂದರು ಥೆರಪಿ ಮೇಡಂ. ಹದಿನಾರು ಮನೆಯ ಪರದೆಯನ್ನು ಆರಿಸಿದೆವು. ಸ್ವಿಚ್ಚು ಮತ್ತು ಟಿಕ್ ಸಾಕು ಎಂದು ನಿರ್ಧಾರವಾಯಿತು.

ಅಮಾವಾಸ್ಯೆಯ ಹಿಂದಿನ ದಿನ ಅಣ್ಣನನ್ನು ಮಂಚದ ಪಕ್ಕ ಕೂರಿಸಿದೆ. ಅವರು ನನ್ನನ್ನು ನಂಬುವ ಸ್ಥಿತಿಯಲ್ಲಿರಲಿಲ್ಲ. “ಮೊದ್ಲು ಬಿಸ್ಲು, ಈಗ ಪೇಪರ್ರಾ?”

“ನಾನೇನೂ ಹೇಳಲ್ಲ. ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರೋದನ್ನ ಹೇಳಿ. ನಡುವೆ ಎಲ್ಲಾದ್ರೂ ಸುಳ್ಳು ಸೇರ್ಸಿ. ಎಲ್ಲಿ ಅಂತ ನನಗೂ ಹೇಳ್ಬೇಡಿ.”

ಅಣ್ಣ ಕೆಮ್ಮಿ, ಕಿಟಕಿ ನೋಡುತ್ತ ಶುರು ಮಾಡಿದರು. “ನಾವು ಸಣ್ಣೋರಿದ್ದಾಗ ಎಮ್ಮೆ ಮೇಯ್ಸಕ್ಕೆ ಕೆರೆ ತಾವ ಹೋಗ್ತಿದ್ವಿ. ಎಮ್ಮೆ ಹೆಸ್ರು ಗೌರಿ.”

ಟಿಕ್.

ಅಣ್ಣ ತಿರುಗಿ ಬೆರಳು ನೋಡಿದರು. “...ಕಾಳಿ. ಕಾಳಿ ಅಂತ ಇಟ್ಕೊಳ್ಳಿ.” ಸದ್ದಿಲ್ಲ. “ಅಲ್ಲೊಂದು ನೇರಳೆ ಮರ ಇತ್ತು.” ಸದ್ದಿಲ್ಲ. “ಹಣ್ಣು ಕೀಳಕ್ಕೆ ಹೋಗಿ ಇವ್ನು ಬಿದ್ದು ಕೈ ಮುರ್ಕೊಂಡ. ನಾನು ಹೊತ್ಕೊಂಡು ಬಂದೆ.”

ಟಿಕ್. ಸ್ವಲ್ಪ ಬಿಟ್ಟು ಮತ್ತೊಂದು ಟಿಕ್.

“ಮೂರು ಸುಳ್ಳೂ ಹಿಡ್ದ” ಎಂದರು ಅಣ್ಣ. “ಬಿದ್ದೋನು ನಾನು. ಹೊತ್ಕೊಂಡ್ ಬಂದೋನು ಇವ್ನು. ನನ್ಗಿಂತ ಎರಡು ವರ್ಷ ಚಿಕ್ಕೋನು.” ತಮ್ಮನ ಕಿವಿಯ ಹತ್ತಿರ ಬಾಗಿದರು. “ನಾಡಿದ್ದು ನಿನ್ನ ಆಶ್ರಮಕ್ಕೆ ಕಳಿಸ್ತೀನಿ. ಅಲ್ಲಿ ನಿಂಗೆ ಚೆನ್ನಾಗಿರುತ್ತೆ.”

ಟಿಕ್.

“ಕೆನ್ನೆಗೆ ಹೊಡ್ದಂಗಾಯ್ತು ಬಿಡು” ಎಂದು ಅಣ್ಣ ಎದ್ದು, ಗಾಡಿಯವನಿಗೆ ಬೇಡವೆಂದು ಹೇಳಲು ಹೊರಗೆ ಹೋದರು. ಅಂಗಳದಲ್ಲಿ ಅವರು ಫೋನಿನಲ್ಲಿ ಬೇಕಾದ್ದಕ್ಕಿಂತ ಗಟ್ಟಿಯಾಗಿ ಮಾತನಾಡುತ್ತಿದ್ದದ್ದು ಒಳಗೆ ಕೇಳಿಸುತ್ತಿತ್ತು.

ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ನನಗೆ ವರದಿ ಮುಗಿಸುವುದಿತ್ತು. ಅದು ರೋಗಿಯ ವಿಷಯದ ವರದಿ. ತಪ್ಪು ಹಿಡಿಯುವ ಹಕ್ಕು ಅವರದು. ಹಳೇ ಕಾಲದ ಓದುವವನ ಹಾಗೆ ಮಂಚದ ಪಕ್ಕ ಕೂತು ಮೊದಲಿನಿಂದ ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದಿದೆ. ಹೆಂಡತಿ ಕಾಲ ಬಳಿ ಕೂತಿದ್ದರು. ಎರಡು ಪುಟ ಸರಾಗವಾಗಿ ಹೋಯಿತು.

“ಮಧ್ಯಾಹ್ನ ಬಂದ ಬಾ ಎಲ್ಲವೂ ಬಿಸಿಲಿನವು, ಪೂರ್ಣವಿರಾಮ.”

ಟಿಕ್.

ಮತ್ತೆ ಓದಿದೆ. ಮತ್ತೆ ಟಿಕ್. ‘ಮಧ್ಯಾಹ್ನ’ ಎಂಬಲ್ಲಿ ನಿಲ್ಲಿಸಿದೆ, ಸದ್ದಿಲ್ಲ. ‘ಬಾ ಎಲ್ಲವೂ’ ಎಂಬಲ್ಲಿ ನಿಲ್ಲಿಸಿದೆ. ಟಿಕ್.

ಹೆಂಡತಿಯ ನೋಟ್‌ಬುಕ್ ತರಿಸಿ ಒಂದೊಂದೇ ದಿನ ಓದಿದೆ. “ಮೊದಲನೆಯ ದಿನ, ಆರು ಸಲ, ಬಿಸಿಲು.” ಸದ್ದಿಲ್ಲ. ಎರಡನೆಯದು, ಸದ್ದಿಲ್ಲ. ಮೂರನೆಯದು, ಸದ್ದಿಲ್ಲ. “ನಾಲ್ಕನೆಯ ದಿನ, ಮೂರು ಐವತ್ತೈದು, ಒಂದು ಸಲ, ಬಿಸಿಲು.”

ಟಿಕ್.

ಮಂಚದ ಅಡಿಯ ಅಟ್ಟಿಯಿಂದ ಅದರ ಮರುದಿನದ ಪತ್ರಿಕೆ ಎಳೆದು ತೆಗೆದೆ. ಹವಾಮಾನದ ಚೌಕದಲ್ಲಿ ಹೀಗಿತ್ತು: ನಗರದಲ್ಲಿ ದಿನವಿಡೀ ದಟ್ಟ ಮೋಡ, ಬಿಸಿಲು ಕಾಣಲಿಲ್ಲ. ನಮ್ಮ ನೋಟ್‌ಬುಕ್ಕಿನಲ್ಲಿ ಗಂಟೆ ಇತ್ತು, ನಿಮಿಷವಿತ್ತು, ಆಕಾಶವಿರಲಿಲ್ಲ. ನಾಲ್ಕು ದಿನದ ಸತ್ಯವನ್ನು ನಾನು ಐದಕ್ಕೆ ಹಚ್ಚಿದ್ದೆ. ಮೂರು ದಿನ ಅವರು ನಿದ್ದೆಯ ನಡುವೆಯೂ ಕೇಳಿಸಿಕೊಂಡಿದ್ದರು: ತಮ್ಮ ದನಿ ಬರುತ್ತದೆ, ಹೆಂಡತಿ ಓಡಿ ಬರುತ್ತಾರೆ. ಬಿಸಿಲಿಲ್ಲದ ದಿನ ಬೆರಳನ್ನು ಏತದ ಮೇಲೆ ಒತ್ತಿ ಹಿಡಿದಿದ್ದರು. ಕೇಳಿದಾಗ ಏಳದ ಬೆರಳು ಆ ಒಂದು ಸಲ ಅಷ್ಟು ಹೊತ್ತು ಹೇಗೆ ನಿಂತಿತೋ ಥೆರಪಿ ಮೇಡಂಗೂ ಹೇಳಲಾಗಲಿಲ್ಲ.

“ಕೋಣೆಯಲ್ಲಿ ಯಾರೂ ಇಲ್ಲ ಅಂತ ಬರ್ದಿದೀರ. ನೀವೆಲ್ಲಿದ್ರಿ?” ಎಂದು ಹೆಂಡತಿಯನ್ನು ಕೇಳಿದೆ.

ಅವರು ಬಾಗಿಲು ತೋರಿಸಿದರು. “ಅಲ್ಲಿ, ಹೊಸ್ತಿಲಾಚೆ. ಭಾವ ಗಾಡಿಗೆ ಹೇಳಿದೀನಿ ಅಂದಿದ್ರಲ್ಲ, ಅಳ್ತಾ ಕೂತಿದ್ದೆ. ಬಾಯಿಗೆ ಸೆರಗು ಇಟ್ಕೊಂಡಿದ್ದೆ, ಆದ್ರೂ ಕೇಳ್ಸಿರ್ಬೇಕು. ಅನ್ಸಿದ್ದು ಬರೀಬೇಡಿ ಅಂದಿದ್ರಿ ನೀವು. ಅದಕ್ಕೇ ಬರೀಲಿಲ್ಲ.”

ನಾನು ವರದಿಯಲ್ಲಿ ‘ಎಲ್ಲವೂ’ ಹೊಡೆದುಹಾಕಿ, ಅಂಚಿನಲ್ಲಿ ‘ಒಂದನ್ನು ಬಿಟ್ಟು’ ಎಂದು ಬರೆದೆ. ತಿದ್ದಿದ ಸಾಲನ್ನು ಓದಿದೆ. ಸದ್ದಿಲ್ಲ.

ಹೆಂಡತಿ ಗಂಡನ ಕಡೆ ತಿರುಗಿದರು. “ಅವತ್ತು ನೀವು ಕರೆದ್ರಿ. ಅದೂ ಅತ್ತೇನೇ ಅನ್ಕೊಂಡು ಹೆದರ್ಬಿಟ್ಟೆ. ನಾನು ಒಳಗೆ ಬರ್ಲಿಲ್ಲ.”

ನಾವಿಬ್ಬರೂ ಬೆರಳನ್ನೇ ನೋಡುತ್ತ ಕಾದೆವು. ಮೂರು ಐವತ್ತರ ಬೆಳಕು ಫೋಟೋದಿಂದ ಇಳಿದು, ಗೋಡೆ ದಾಟಿ, ಅವರ ಕೈಯ ಮೇಲೆ ಬಂದು ನಿಂತು, ಹೊರಟುಹೋಯಿತು. ಬೆರಳು ಅಲ್ಲಾಡಲಿಲ್ಲ.